ಸಿಂಹಾಸನದ ಲಕ್ಷಣ

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಈ ಮೂರು ಊರುಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ವಿಶ್ರಾಂತರಾದ ನಾವು, ಈ ವಯಸ್ಸಿನಲ್ಲಿ ಬಾಡಿಗೆಯ ಸಾಮಾನುಗಳಿಗೆ ವಿವರಣೆ ಬರೆಯುವ ಕೆಲಸಕ್ಕೆ ಕೈಯಿಕ್ಕಬೇಕಾದೀತೆಂದು ಎಂದೂ ಎಣಿಸಿದವರಲ್ಲ. ಕೈಯಿಕ್ಕಿದ ಮೇಲೆ ನಮ್ಮಿಂದ ಒಂದು ತಪ್ಪು ನಡೆದು, ಅದರ ದಂಡವನ್ನು ಬೇರೆಯವರು ತೆರಬೇಕಾಯಿತು. ಮನೆಯಲ್ಲಿ ಒಂದು ತೊಟ್ಟಿಲನ್ನೋ ನಾಲ್ಕು ಹಿತ್ತಾಳೆಯ ದೀಪಗಳನ್ನೋ ಇಟ್ಟುಕೊಂಡು, ಮೊಬೈಲಿನ ಮೂಲಕ ಬಾಡಿಗೆಗೆ ಕೊಡಬೇಕೆಂದಿರುವ ಗೃಹಸ್ಥರಿಗೆ ಈ ಸಂಗತಿಯಿಂದ ಕಿಂಚಿತ್ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಕುರುಗೋಡಿನಲ್ಲಿ ನಮ್ಮ ಸಹಪಾಠಿಗಳೊಬ್ಬರು ನಾಟಕದ ಮೇಷ್ಟ್ರಾಗಿದ್ದರು. ಹಾರ್ಮೋನಿಯಮ್ಮಿನ ಮುಂದೆ ಕುಳಿತು ಹಳ್ಳಿಯ ತರುಣರಿಗೆ ಮಾತು, ಹಾಡು, ನಡೆಗಳನ್ನು ತಿಂಗಳುಗಟ್ಟಲೆ ಕಲಿಸಿ, ಜಾತ್ರೆಯ ರಾತ್ರಿ ಬೆಳಗಾಗುವವರೆಗೆ ಆಡಿಸುವುದು ಅವರ ವೃತ್ತಿ. ಬಳ್ಳಾರಿಯ ಸೀಮೆಗೆ ನಾಟಕದ ಹುಚ್ಚು ನಿನ್ನೆ ಮೊನ್ನೆಯದಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರು (೧೮೫೩–೧೯೧೨) ಸರಸವಿನೋದಿನೀ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು (೧೮೫೪–೧೯೧೯) ಸುಮನೋರಮಾ ಸಭೆಯನ್ನೂ ನಡೆಸಿದ್ದು ಇದೇ ಊರಿನಲ್ಲಿ. ಇಬ್ಬರೂ ವಕೀಲರು, ಇಬ್ಬರೂ ತೆಲುಗಿನ ನಾಟಕಕರ್ತರು. ಇವರ ತರುವಾಯ ಬಂದ ಬಳ್ಳಾರಿ ರಾಘವರೂ (೧೮೮೦–೧೯೪೬) ವಕೀಲರೇ; ಅವರ ಹೆಸರಿನ ರಾಘವ ಕಲಾಮಂದಿರವನ್ನು ಬಳ್ಳಾರಿಯಲ್ಲಿ ಅರಿಯದವರಿಲ್ಲ. ಕನ್ನಡದ ಪಾಲಿಗೆ ಜೋಳದರಾಶಿ ದೊಡ್ಡನಗೌಡರು (೧೯೧೦–೧೯೯೪) ಇದ್ದರು. ನಮ್ಮ ಸ್ನೇಹಿತರು ಇಂಥ ದೊಡ್ಡವರ ಸಾಲಿನವರಲ್ಲ. ಆದರೆ ದೊಡ್ಡವರು ಹಚ್ಚಿದ ದೀಪಕ್ಕೆ ಹಳ್ಳಿಗಳಲ್ಲಿ ಎಣ್ಣೆ ಹೊಯ್ದವರು ಇಂಥವರೇ ಎಂದು ನಾವು ತಿಳಿದಿದ್ದೇವೆ.

ಅವರು ೨೦೨೩ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯೆಂದರೆ ಒಂದು ಕೋಣೆಯ ತುಂಬ ಇದ್ದ ನಾಟಕದ ಸಾಮಾನು: ರಾಜಬೀದಿ, ದರ್ಬಾರು, ಅಡವಿ ಎಂಬ ಮೂರು ಪರದೆಗಳು, ಎರಡು ಸಿಂಹಾಸನಗಳು, ಏಳು ಕಿರೀಟಗಳು, ಭುಜಕೀರ್ತಿಗಳು, ಗದೆಗಳು, ಕೃಷ್ಣನ ನಾಟಕಕ್ಕೆಂದು ಮಾಡಿಸಿದ ಮರದ ತೊಟ್ಟಿಲು, ಆಳೆತ್ತರದ ಎರಡು ದೀಪದ ಕಂಬಗಳು ಮತ್ತು ಅವರ ಹಾರ್ಮೋನಿಯಂ. ಹೊಲಗದ್ದೆಗಳಿಲ್ಲ. ಅತ್ತಿಗೆಯವರಿಗೂ ಮಗಳಿಗೂ ಈ ಸಾಮಾನಿನ ಬಾಡಿಗೆಯೇ ಜೀವನಾಧಾರ. ಮೇಷ್ಟ್ರು ಇದ್ದಾಗ ಹಳ್ಳಿಯವರು ತಾವಾಗಿಯೇ ಬಂದು ಕೇಳುತ್ತಿದ್ದರು; ಅವರು ಹೋದ ಮೇಲೆ ಬರುವವರು ಕಡಿಮೆಯಾದರು. ಮಗಳು ಬುದ್ಧಿವಂತೆ. ಮದುವೆ, ಸೀಮಂತ, ತೊಟ್ಟಿಲುಶಾಸ್ತ್ರ, ಅರಿಶಿನಶಾಸ್ತ್ರಗಳಿಗೆ ಈಗ ಅಲಂಕಾರದ ವಸ್ತುಗಳನ್ನು ಜನರು ಬಾಡಿಗೆಗೆ ಹುಡುಕುವುದು ಮೊಬೈಲಿನಲ್ಲಿಯೇ ಎಂಬುದನ್ನು ಕಂಡುಕೊಂಡು, ವ್ಯಾಪಾರಿಗಳಿಗಾಗಿ ಇರುವ ವಾಟ್ಸಾಪಿನಲ್ಲಿ ಒಂದು ಕ್ಯಾಟಲಾಗನ್ನು ತೆರೆದಳು. ೨೦೧೯ರಲ್ಲಿ ಬಂದ ಈ ಸೌಕರ್ಯದಲ್ಲಿ ಒಂದೊಂದು ವಸ್ತುವಿಗೂ ಹೆಸರು, ಬೆಲೆ, ವಿವರಣೆ, ಹತ್ತು ಚಿತ್ರಗಳವರೆಗೆ ಸ್ಥಳವುಂಟು. ಅಂಗಡಿಯ ಬಾಡಿಗೆ ಕೊಡದೆ ಅಂಗಡಿಯಿಟ್ಟಂತೆ.

“ದೊಡ್ಡಪ್ಪಾ, ಫೋಟೋ ನಾನು ತೆಗಿತೀನಿ. ಬರೆಯೋದು ಮಾತ್ರ ನೀವೇ ಬರೆದುಕೊಡ್ರಿ” ಎಂದು ಅವಳು ಕೇಳಿದಾಗ ನಮಗೆ ಒಳಗೊಳಗೇ ಹಿಗ್ಗಾಯಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಕಾವ್ಯವನ್ನು ಓದಿಸಿದವರಿಗೆ ಕುರ್ಚಿಯ ವರ್ಣನೆ ಏನು ಮಹಾ? ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಬರೆದು ಮುಗಿಸಿದೆವು. ಸಿಂಹಾಸನಗಳಿಗೆ ನಾವು ಕೊಟ್ಟ ವಿವರಣೆ ಹೀಗಿತ್ತು: “ಮಹಾರಾಜಾರ್ಹವಾದ, ಸುವರ್ಣಕಾಂತಿಯಿಂದ ಕಂಗೊಳಿಸುವ, ರತ್ನಖಚಿತ ಸಿಂಹಾಸನಯುಗಳ. ವಧೂವರರ ಶೋಭೆಯನ್ನು ಇಮ್ಮಡಿಗೊಳಿಸತಕ್ಕದ್ದು.” ಬರೆದು ಎರಡು ಬಾರಿ ಗಟ್ಟಿಯಾಗಿ ಓದಿಕೊಂಡೆವು. ಅತ್ತಿಗೆಯವರು ಮಾತ್ರ ಬಾಗಿಲಲ್ಲಿ ನಿಂತು ಕೇಳಿ, “ಚೆನ್ನಾಗೈತಿ. ಆದರೆ ಇದು ನಮ್ಮ ಮನ್ಯಾಗಿರೋ ಕುರ್ಚೀನೇನ್ರಿ?” ಎಂದರು. ಅವರು ವಿನೋದಕ್ಕೆ ಹೇಳಿದರೆಂದು ನಾವು ನಕ್ಕುಬಿಟ್ಟೆವು.

೨೦೨೫ರ ವೈಶಾಖದಲ್ಲಿ ಸಿರುಗುಪ್ಪದ ಒಂದು ಮನೆತನದವರು ಮಗಳ ಆರತಕ್ಷತೆಗೆಂದು ಆ ಎರಡು ಸಿಂಹಾಸನಗಳನ್ನು ಗೊತ್ತುಮಾಡಿ ಮುಂಗಡವನ್ನೂ ಕಳುಹಿಸಿದರು. ಸಿರುಗುಪ್ಪವು ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ನಾಡು. ಅಲ್ಲಿ ಮದುವೆಗಳೂ ಹಾಗೆಯೇ ತುಂಬಿ ನಡೆಯುತ್ತವೆ. ಟೆಂಪೋದಲ್ಲಿ ಹೋದ ಸಿಂಹಾಸನಗಳನ್ನು ಕಲ್ಯಾಣಮಂಟಪದಲ್ಲಿ ಇಳಿಸಿದರು. ಅಲ್ಲಿಂದ ಮುಂದಿನದನ್ನು ಬರೆಯುವುದಕ್ಕೆ ನಮಗೆ ಈಗಲೂ ಸಂಕೋಚ. ಆ ಆಸನಗಳು ನಾಟಕಕ್ಕಾಗಿ ಮಾಡಿದವು: ಹಗುರವಾದ ಮರ, ಬೆನ್ನಿಗೆ ಪ್ಲೈವುಡ್ಡು, ಮೇಲೆ ಚಿನ್ನದ ಬಣ್ಣದ ಕಾಗದ, ರತ್ನದ ಬದಲು ಗಾಜಿನ ಚೂರು. ಇಪ್ಪತ್ತು ಮಾರು ದೂರದಲ್ಲಿ ಕುಳಿತ ಪ್ರೇಕ್ಷಕನ ಕಣ್ಣಿಗೆ ಅವು ಇಂದ್ರನ ಸಿಂಹಾಸನವೇ. ಮದುವೆಯ ವೇದಿಕೆಯ ಪ್ರಖರವಾದ ದೀಪಗಳ ಕೆಳಗೆ, ಮೂರಡಿ ದೂರದಲ್ಲಿ ನಿಂತು ಚಿತ್ರ ತೆಗೆಯುವವನ ಮುಂದೆ, ಅವುಗಳ ಅಂಟೆಲ್ಲ ಕಾಣಿಸಿತು. ಒಂದರ ಬಲಗೈ ಅಲುಗಾಡುತ್ತಿತ್ತು. ಅದರಲ್ಲಿದ್ದ ಒಂದು ಮೊಳೆಗೆ ವಧುವಿನ ರೇಷ್ಮೆಸೀರೆಯ ಸೆರಗು ಸಿಕ್ಕಿ ನಾಲ್ಕು ಅಂಗುಲ ಹರಿಯಿತು.

ಬಾಡಿಗೆಯನ್ನು ಅವರು ಕೊಡಲಿಲ್ಲ. ಮುಂಗಡವನ್ನು ಹಿಂದಕ್ಕೆ ಕೇಳಿದರು. ಟೆಂಪೋದ ಖರ್ಚು ಹುಡುಗಿಯ ತಲೆಗೇ ಬಂದಿತು. ಇದಕ್ಕಿಂತ ಹೆಚ್ಚಾದದ್ದೆಂದರೆ, ಮೋಸಗಾರರೆಂಬ ಮಾತು ಊರಿಂದೂರಿಗೆ ಮೊಬೈಲಿನಲ್ಲಿ ಹರಡಿತು. ನಲವತ್ತು ವರ್ಷ ಹಳ್ಳಿಹಳ್ಳಿ ತಿರುಗಿದರೂ ಯಾರಿಂದಲೂ ಒಂದು ಮಾತು ಕೇಳದಿದ್ದ ನಮ್ಮ ಸ್ನೇಹಿತರ ಮನೆಗೆ ನಮ್ಮ ಮೂರು ಸಮಾಸಗಳಿಂದ ಕೆಟ್ಟ ಹೆಸರು ಬಂದಿತು. ಅತ್ತಿಗೆಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಮರುವಾರ ನಾವು ಬಳ್ಳಾರಿಯಿಂದ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ ಆ ಮನೆಯ ಯಜಮಾನರನ್ನು ಕಂಡೆವು. ಹುಡುಗಿಯದೇನೂ ತಪ್ಪಿಲ್ಲ, ಬರೆದವರು ನಾವು ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, ಕುಡಿಯಲು ಮಜ್ಜಿಗೆ ತರಿಸಿ, “ಮೇಷ್ಟ್ರೇ, ನೀವು ಬರೆದದ್ದು ಓದಿ ಮೈಸೂರು ಅರಮನೆ ಸಾಮಾನೇ ಬರ್ತದೆ ಅಂದ್ಕೊಂಡಿದ್ವಿ. ನಾಟಕದ ಕುರ್ಚಿ ಅಂತ ಬರೆದಿದ್ರೆ ಮದುವೆಗೆ ತಗೊಂತಿರಲಿಲ್ಲ, ಖರೆ. ಆದ್ರೆ ನಮ್ಮೂರ ನಾಟಕಕ್ಕೆ ತಗೊಂತಿದ್ವಲ್ರೀ! ಅಲ್ಲಿ ಇಂಥವೇ ಬೇಕು, ಸಿಗೋದಿಲ್ಲ” ಎಂದರು.

ಈ ಮಾತು ಬಸ್ಸಿನುದ್ದಕ್ಕೂ ನಮ್ಮ ಕಿವಿಯಲ್ಲಿತ್ತು. ತರ್ಕಸಂಗ್ರಹವನ್ನು ಎಷ್ಟು ಸಲ ಪಾಠ ಹೇಳಿಲ್ಲ! ವಸ್ತುವಿನ ಲಕ್ಷಣಕ್ಕೆ ಮೂರು ದೋಷಗಳುಂಟೆಂದು ಪ್ರತಿ ವರ್ಷವೂ ಹುಡುಗರಿಗೆ ಬಾಯಿಪಾಠ ಮಾಡಿಸಿದವರು ನಾವು. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯಿತು, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಕ್ಕೆ ಬಂದಿತು, ಅದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಅಂಥ ಹಸುವೇ ಇಲ್ಲ, ಅದು ಅಸಂಭವ. ನಮ್ಮ “ರತ್ನಖಚಿತ” ಎಂಬುದು ಶುದ್ಧವಾದ ಅಸಂಭವ. “ಶೋಭೆಯನ್ನು ಇಮ್ಮಡಿಗೊಳಿಸತಕ್ಕದ್ದು” ಎಂಬುದು ಅತಿವ್ಯಾಪ್ತಿ. ಆ ಮಾತನ್ನು ಹೂವಿನ ಹಾರಕ್ಕೂ ಹೇಳಬಹುದು, ಬಾಳೆಯ ಕಂಬಕ್ಕೂ ಹೇಳಬಹುದು. ನಾಟಕಕ್ಕೆ ಆಸನ ಹುಡುಕುವವನನ್ನು “ವಧೂವರರ” ಎಂಬ ಒಂದು ಪದದಿಂದ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದು ಅವ್ಯಾಪ್ತಿ. ಹಸುವಿಗೆ ಸರಿಯಾದ ಲಕ್ಷಣ ಅದರ ಗಂಗೆದೊಗಲು. ನಮ್ಮ ಸಿಂಹಾಸನದ ಗಂಗೆದೊಗಲು ಯಾವುದು? ಅದು ಹಗುರ. ಇಬ್ಬರು ಹುಡುಗರು ಎತ್ತಿ ಅರ್ಧ ನಿಮಿಷದಲ್ಲಿ ರಂಗದ ಪಕ್ಕಕ್ಕೆ ಸಾಗಿಸಬಹುದು. ರಂಗದ ಆಯುಧಾಭರಣಗಳು ಭಾರವಾಗಿರಬಾರದು, ನಟನು ಬಳಲುತ್ತಾನೆ ಎಂದು ನಾಟ್ಯಶಾಸ್ತ್ರದ ಆಹಾರ್ಯಾಭಿನಯದ ಪ್ರಕರಣದಲ್ಲಿಯೇ ಹೇಳಿದೆ. ನಾವು ಕುಂದೆಂದು ಮುಚ್ಚಿದ್ದೇ ಆ ವಸ್ತುವಿನ ಗುಣವಾಗಿತ್ತು.

ಕುರುಗೋಡಿಗೆ ಹೋಗಿ ಎರಡು ದಿನ ಕುಳಿತೆವು. ಈ ಸಲ ಲೇಖನಿಗಿಂತ ಮೊದಲು ಅಳತೆಯ ಟೇಪನ್ನು ಕೈಗೆ ತೆಗೆದುಕೊಂಡೆವು. ಎತ್ತರ, ಅಗಲ, ಆಳ. ಪರದೆಯಾದರೆ ಬಿಚ್ಚಿದಾಗಿನ ಉದ್ದ, ಸುತ್ತಿದಾಗಿನ ಕೋಲಿನ ಉದ್ದ. ಈ ಎರಡನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಕೋಲು ಟೆಂಪೋದಿಂದ ಹೊರಕ್ಕೆ ಚಾಚಿಕೊಂಡಿತೆಂದರೆ ದಾರಿಯಲ್ಲಿ ಪರದೆಯ ತುದಿ ಹರಿಯುವುದು ನಿಶ್ಚಯ. ಬಿಡಿಸಿ ಜೋಡಿಸಬಹುದೆ, ಎಷ್ಟು ಜನ ಬೇಕು, ಕೂರುವವರ ಭಾರವನ್ನು ಎಷ್ಟು ತಡೆದೀತು ಎಂಬುದನ್ನೆಲ್ಲ ಬರೆದೆವು. ತೂಕದ ವಿಷಯದಲ್ಲಿ ನಾವೇ ಕುಳಿತು ಪರೀಕ್ಷಿಸಿದೆವು.

ಚಿತ್ರಗಳನ್ನೂ ಮತ್ತೆ ತೆಗೆಯಬೇಕಾಯಿತು. ಮೊದಲಿನವು ಕೋಣೆಯ ಮಬ್ಬಿನಲ್ಲಿ, ಹಳದಿ ಬಲ್ಬಿನ ಬೆಳಕಿನಲ್ಲಿ ತೆಗೆದವು. ಆ ಬೆಳಕಿನಲ್ಲಿ ಕಾಗದವೂ ಚಿನ್ನವಾಗುತ್ತದೆ. ಈಗ ಬೆಳಗಿನ ಹೊತ್ತು ಅಂಗಳಕ್ಕೆ ತಂದು, ಹಿಂದೆ ಒಂದು ಬಿಳಿಯ ಪಂಚೆ ಕಟ್ಟಿ, ಮುಂದಿನಿಂದ, ಪಕ್ಕದಿಂದ, ಬೆನ್ನಿನಿಂದ ತೆಗೆದಳು. ಒಂದು ಚಿತ್ರದಲ್ಲಿ ಮನುಷ್ಯರು ಇರಲೇಬೇಕೆಂದು ನಾವು ಹಟ ಹಿಡಿದೆವು. ಕುರುಗೋಡಿನ ದೊಡ್ಡಬಸವೇಶ್ವರನನ್ನು ಪಕ್ಕದಲ್ಲಿ ಯಾರೂ ನಿಲ್ಲದೆ ಬರಿದಾಗಿ ಚಿತ್ರ ತೆಗೆದರೆ, ನೋಡಿದವನು ಮನೆಯ ಜಗುಲಿಯ ಮೇಲಿಡುವ ಬಸವಣ್ಣನೆಂದು ತಿಳಿದಾನು. ಒಬ್ಬ ಅರ್ಚಕರು ನಿಂತರೆ ಆ ಏಕಶಿಲೆಯ ಗಾತ್ರ ಒಡನೆ ತಿಳಿಯುತ್ತದೆ. ಹೀಗಾಗಿ ಸಿಂಹಾಸನದಲ್ಲಿ ಕುಳಿತವರು ಅತ್ತಿಗೆಯವರು. ಬಹಳ ಒತ್ತಾಯ ಮಾಡಬೇಕಾಯಿತು. ಅಲುಗಾಡುವ ಕೈ, ಹೋದ ಗಾಜು, ಅಡವಿಯ ಪರದೆಯ ಮೂಲೆಯಲ್ಲಿದ್ದ ಮಳೆನೀರಿನ ಕಲೆ, ಇವುಗಳನ್ನು ಪ್ರತ್ಯೇಕವಾಗಿ, ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ತೆಗೆಸಿದೆವು. ಕುಂದನ್ನು ತೋರಿಸಿದರೆ ಗಿರಾಕಿ ಬರುವನೆ ಎಂದು ಹುಡುಗಿಗೆ ಸಂಶಯ. ಬಂದವನು ಜಗಳವಾಡದೆ ಹೋಗುವನು ಎಂದೆವು.

ಹೆಸರಿನ ವಿಷಯದಲ್ಲಿ ಮಾತ್ರ ನಾವೇ ಸೋತೆವು. “ಸಿಂಹಾಸನ” ಎಂದು ಬರೆದರೆ ಮದುವೆಯವರು ಹುಡುಕುವುದೇ ಇಲ್ಲ. ಅವರ ಬಾಯಲ್ಲಿ ಅದು “ರಾಜಾ ರಾಣಿ ಕುರ್ಚಿ”. ನಾಟಕದವರಿಗೆ “ದರ್ಬಾರ್ ಕುರ್ಚಿ”. ಸಿರುಗುಪ್ಪದ ಕಡೆ ತೆಲುಗು ಮಾತನಾಡುವವರು ಹೆಚ್ಚು, ಅವರು “ಕುರ್ಚೀ” ಎಂದಾರು. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವ ತರುಣರು ಬೇರೆ. ಹುಡುಗಿ ಈ ಎಲ್ಲ ಹೆಸರುಗಳನ್ನೂ ವಿವರಣೆಯಲ್ಲಿ ಸೇರಿಸಿದಳು. ಒಂದು ಅರ್ಥಕ್ಕೆ ಹಲವು ಪರ್ಯಾಯಪದಗಳನ್ನು ಹೇಳುವುದು ಅಮರಸಿಂಹನ ಕ್ರಮವೇ ತಾನೆ ಎಂದು ನಾವು ಸಮಾಧಾನ ತಂದುಕೊಂಡೆವು. “ರಾಜಾ ರಾಣಿ” ಎಂಬುದು ಈಗಲೂ ನಮ್ಮ ಕಿವಿಗೆ ಇಂಪಲ್ಲ.

ದುಡ್ಡಿನ ಮಾತನ್ನು ಕೊನೆಗೆ ಬರೆದೆವು, ಆದರೆ ಅದೇ ಮೊದಲು ಬೇಕಾದದ್ದು. “ಬೆಲೆಗೆ ಕರೆ ಮಾಡಿ” ಎಂದು ಬರೆದಿದ್ದಲ್ಲಿ ಕರೆ ಮಾಡುವವರು ವಿರಳ. ಜಾತ್ರೆಯ ನಾಟಕ ರಾತ್ರಿ ಆರಂಭವಾಗಿ ಬೆಳಗಿಗೆ ಮುಗಿಯುತ್ತದೆ. ಅದು ಒಂದು ದಿನವೋ ಎರಡು ದಿನವೋ ಎಂಬ ಜಗಳ ಮೇಷ್ಟ್ರ ಕಾಲದಿಂದಲೂ ಇತ್ತು. ಆದ್ದರಿಂದ ದಿನವೆಂಬ ಮಾತನ್ನೇ ತೆಗೆದು, ಈ ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗೆ ಎಂದು ಬರೆದೆವು. ಹೊಸ ವಿವರಣೆ ಹೀಗೆ ನಿಂತಿತು: “ರಾಜಾ ರಾಣಿ ಕುರ್ಚಿ, ದರ್ಬಾರ್ ಸಿಂಹಾಸನ, ಎರಡು. ನಾಟಕಕ್ಕಾಗಿ ಮಾಡಿಸಿದವು, ಹಗುರವಾದ ಮರ, ಚಿನ್ನದ ಬಣ್ಣದ ಕಾಗದ, ಗಾಜಿನ ಕಲ್ಲು. ಎತ್ತರ ನಾಲ್ಕೂವರೆ ಅಡಿ, ಅಗಲ ಎರಡೂವರೆ ಅಡಿ. ಒಂದನ್ನು ಇಬ್ಬರು ಸುಲಭವಾಗಿ ಎತ್ತಬಹುದು. ಹತ್ತು ಅಡಿ ದೂರದಿಂದ ಚೆನ್ನಾಗಿ ಕಾಣುತ್ತವೆ, ಹತ್ತಿರದ ಫೋಟೋಕ್ಕೆ ತಕ್ಕವಲ್ಲ. ಒಂದರ ಬಲಗೈ ಸಡಿಲ, ಚಿತ್ರ ನೋಡಿರಿ. ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎರಡಕ್ಕೂ ಸೇರಿ ೮೦೦ ರೂಪಾಯಿ, ಠೇವಣಿ ೧,೫೦೦ ರೂಪಾಯಿ. ಗಾಡಿ ಖರ್ಚು ತೆಗೆದುಕೊಳ್ಳುವವರದು. ಸಾಮಾನು ಕುರುಗೋಡಿನಲ್ಲಿದೆ, ಬಂದು ನೋಡಬಹುದು.” ಇದರಲ್ಲಿ ಒಂದು ಅಲಂಕಾರವೂ ಇಲ್ಲ. ಅತ್ತಿಗೆಯವರು ಓದಿಸಿ ಕೇಳಿ, “ಹ್ಞೂ, ಇದು ನಮ್ಮ ಕುರ್ಚಿ” ಎಂದರು.

ಹಾರ್ಮೋನಿಯಮ್ಮಿನ ಸರದಿ ಬಂದಾಗ ಹುಡುಗಿ ಟೇಪನ್ನು ಬಿಚ್ಚಿದಳು. ಅತ್ತಿಗೆಯವರು ಏನೂ ಹೇಳದೆ ಅದರ ಮೇಲಿನ ಬಟ್ಟೆಯನ್ನು ಸರಿಮಾಡಿ ಹೊದಿಸಿದರು. ಹುಡುಗಿ ಟೇಪನ್ನು ಸುತ್ತಿಟ್ಟಳು.

ಮಳೆಗಾಲ ಕಳೆದ ಮೇಲೆ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯವರು ನಾಟಕಕ್ಕೆಂದು ಎರಡು ಸಿಂಹಾಸನಗಳನ್ನೂ ದರ್ಬಾರಿನ ಪರದೆಯನ್ನೂ ತೆಗೆದುಕೊಂಡು ಹೋದರು. ಅವರಿಗೆ ನಂಬರು ಕೊಟ್ಟವರು ಆ ಮದುವೆಮನೆಯ ಯಜಮಾನರೇ ಎಂದು ತಿಳಿಯಿತು. ಸಾಮಾನು ಹೇಳಿದ ಹೊತ್ತಿಗೆ ಹಿಂದಕ್ಕೆ ಬಂದಿತು, ಠೇವಣಿಯನ್ನು ಪೂರ್ತಿ ಮರಳಿಸಿದಳು. ಆ ಹಣದಲ್ಲಿ ಬಡಗಿಯನ್ನು ಕರೆಸಿ ಬಲಗೈಯನ್ನು ಭದ್ರಪಡಿಸಿ, ಮೊಳೆಯನ್ನು ಕೀಳಿಸಿದ್ದಾಳೆ. ಆದರೆ ಕ್ಯಾಟಲಾಗಿನಲ್ಲಿ ಹಳೆಯ ಚಿತ್ರವೇ ಇದೆ, “ಬಲಗೈ ಸಡಿಲ” ಎಂಬ ಮಾತೂ ಹಾಗೆಯೇ ಉಳಿದಿದೆ. ಬರುವ ಭಾನುವಾರ ಕುರುಗೋಡಿಗೆ ಹೋಗಿ ಅದನ್ನು ತಿದ್ದಬೇಕಾಗಿದೆ.