ಉಪ್ಪು ನೀರಿನ ಮರ



ನಮ್ಮ ಸಂಘದಲ್ಲಿ ಹೆಚ್ಚಿನವರು ದೇವಸ್ಥಾನಕ್ಕೆ ಹೋಗುವವರು, ನಾನು ಚರ್ಚಿಗೆ ಹೋಗುವವಳು. ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಮನೆತನ ನಮ್ಮದು. ಅವರ ಪೈಕಿ ಕಿಟೆಲರ ನಿಘಂಟನ್ನು ನೀವೆಲ್ಲ ಬಲ್ಲಿರಿ. ಮನೆಯಲ್ಲಿ ಬೈಬಲನ್ನು ನಾವು ಸತ್ಯವೇದ ಎನ್ನುತ್ತೇವೆ. ಅದರಿಂದ ನಾನು ಕಂಡುಕೊಂಡ ಒಂದೆರಡು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ಇದು ಮತಪ್ರಚಾರವೆಂದು ದಯವಿಟ್ಟು ತಿಳಿಯಬೇಡಿ. ಕಷ್ಟಕ್ಕೆ ಮತಭೇದವಿಲ್ಲವಷ್ಟೇ.

೨೦೧೮ರ ಮಳೆಗಾಲದಲ್ಲಿ ನನ್ನ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಘಾಟ್ಕೋಪರಿನ ಎರಡು ಕೋಣೆಯ ಮನೆಯಲ್ಲಿ ಅಂದಿನಿಂದ ನಾವಿಬ್ಬರೇ. ಮಗಳು ದೂರದೂರಿನಲ್ಲಿ. ನೋಡಲು ಬಂದವರು ಸಮಾಧಾನ ಹೇಳುತ್ತಿದ್ದರು. ಹೊಲದ ಹೂಗಳನ್ನು ನೋಡಿ, ಅವಕ್ಕೇನು ಚಿಂತೆ? ಗುಬ್ಬಚ್ಚಿಗಳನ್ನು ನೋಡಿ, ದೇವರು ಸಾಕುವುದಿಲ್ಲವೇ? ನಾನು ತಲೆಯಾಡಿಸುತ್ತಿದ್ದೆ. ಒಳಗೊಳಗೇ, ಹೂವಿಗೆ ರಾತ್ರಿ ಮೂರು ಸಲ ಎದ್ದು ಗಂಡನ ಮಗ್ಗುಲು ಬದಲಿಸುವ ಕೆಲಸವಿಲ್ಲವಲ್ಲ ಎನಿಸುತ್ತಿತ್ತು.

ಒಂದು ರಾತ್ರಿ ನಿದ್ದೆ ಬಾರದೆ ಆ ಭಾಗವನ್ನೇ ತೆರೆದು ಓದಿದೆ. ಆಗ ಕಂಡದ್ದು ಇದು. ಯೇಸುಸ್ವಾಮಿ ಹೂವಿನ ಚೆಲುವನ್ನು ಹೇಳಿದ ಉಸಿರಿನಲ್ಲೇ ಅದು ನಾಳೆ ಒಲೆಗೆ ಹೋಗುವ ಹುಲ್ಲೆಂದೂ ಹೇಳಿದ್ದಾರೆ. ಗುಬ್ಬಚ್ಚಿಯ ಮಾತೂ ಹಾಗೆಯೇ. ಅದು ಬೀಳುವುದೇ ಇಲ್ಲವೆಂದು ಅವರು ಹೇಳಲಿಲ್ಲ, ತಂದೆಗೆ ತಿಳಿಯದೆ ಬೀಳುವುದಿಲ್ಲ ಎಂದರು. ಸಮಾಧಾನ ಹೇಳುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ. ಪೂರ್ತಿ ಹೇಳಿದರೆ ಕೇಳುವವರಿಗೆ ನೋವಾದೀತೆಂಬ ಒಳ್ಳೆಯ ಮನಸ್ಸಿನಿಂದಲೇ ಇರಬೇಕು. ನನಗಾದರೋ ಬಿಟ್ಟ ಆ ಅರ್ಧವೇ ಹೆಚ್ಚು ಆಸರೆಯಾಯಿತು.

೨೦೨೪ರ ಮೇ ತಿಂಗಳನ್ನು ನಮ್ಮ ಬಡಾವಣೆಯವರು ಮರೆಯಲಾರರು. ೧೩ನೇ ತಾರೀಕಿನ ಸಂಜೆ ಧೂಳುಗಾಳಿ ಎದ್ದು, ಛೇಡಾ ನಗರದ ಪೆಟ್ರೋಲ್ ಪಂಪಿನ ಮೇಲೆ ೧೨೦ ಅಡಿಯ ಜಾಹೀರಾತು ಫಲಕ ಉರುಳಿತು. ಸತ್ತವರು ೧೭ ಮಂದಿ. ಮಳೆಗೆ ಆಸರೆ ಹುಡುಕಿ ನಿಂತವರು, ಗಾಡಿಗೆ ಎಣ್ಣೆ ಹಾಕಿಸಲು ಬಂದವರು. ಒಂದು ವಾರ ಕಳೆದು, ೨೦ರ ರಾತ್ರಿ, ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಪಂತನಗರದ ಕಡೆ ಸತ್ತುಬಿದ್ದವು. ಖಾಡಿಯ ಕೆಸರಿನಲ್ಲಿ ಮೇಯಲು ಪ್ರತಿ ಚಳಿಗಾಲ ಬರುವ ಗುಲಾಬಿ ಬಣ್ಣದ ಹಕ್ಕಿಗಳು. ಇದರಿಂದ ಯಾವ ಪಾಠ ಕಲಿಯುವುದು, ನೀವೇ ಹೇಳಿ. ಲೂಕನು ಬರೆದ ಸುವಾರ್ತೆಯಲ್ಲಿ ಸಿಲೊವಾಮಿನ ಗೋಪುರ ಬಿದ್ದು ೧೮ ಜನ ಸತ್ತ ಪ್ರಸಂಗವಿದೆ. ಅವರು ಉಳಿದವರಿಗಿಂತ ಪಾಪಿಗಳೆಂದು ನೆನಸುತ್ತೀರೋ ಎಂದು ಕೇಳಿ, ಹಾಗಲ್ಲವೆಂದು ಯೇಸು ತಾವೇ ಉತ್ತರಿಸುತ್ತಾರೆ. ಏಕೆ ಬಿದ್ದಿತೆಂಬ ಕಾರಣವನ್ನು ಮಾತ್ರ ಕೊಡುವುದಿಲ್ಲ. ಯೋಬನಿಗೂ ಕಾರಣ ಸಿಗಲಿಲ್ಲ. ಬಿರುಗಾಳಿಯೊಳಗಿಂದ ಬಂದ ಉತ್ತರದಲ್ಲಿ ಸಮುದ್ರ, ಹಿಮ, ಕಾಡುಮೇಕೆ, ಉಷ್ಟ್ರಪಕ್ಷಿ ಎಲ್ಲ ಬರುತ್ತವೆ, ಅವನ ಹುಣ್ಣುಗಳ ಸುದ್ದಿಯೇ ಇಲ್ಲ! ಅವನ ಸ್ನೇಹಿತರು ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿದ್ದರಂತೆ. ಅಷ್ಟಕ್ಕೇ ಎದ್ದುಹೋಗಿದ್ದರೆ ಎಷ್ಟು ಒಳ್ಳೆಯ ಹೆಸರು ಉಳಿಯುತ್ತಿತ್ತು ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಕೊರೋನಾ ಇಳಿದ ಮೇಲೆ, ಇವರನ್ನು ಹೊರಗೆ ಕರೆದೊಯ್ಯಿರಿ ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗ ಹೇಳಿದ. ಅಣ್ಣನ ಮಗ ಕಾರಿನಲ್ಲಿ ಐರೋಳಿ ಕಡೆಯ ಖಾಡಿಯಂಚಿಗೆ ಕರೆದೊಯ್ದ. ಇವರು ಹುಟ್ಟಿ ಬೆಳೆದದ್ದು ಕುಂದಾಪುರದ ಹೊಳೆಬದಿಯಲ್ಲಿ. ಅಲ್ಲಿ ಕಾಂಡ್ಲ ಎನ್ನುವ ಗಿಡಕ್ಕೆ ಇಲ್ಲಿಯ ಮರಾಠಿಯಲ್ಲಿ ತಿವರ ಎನ್ನುತ್ತಾರೆ. ಇವರು ಎಡಗೈ ಚಾಚಿ ಒಂದು ಎಲೆ ಕಿತ್ತು ನಾಲಗೆಗೆ ಒತ್ತಿಕೊಂಡರು. ಮುಖ ಕಿವುಚಿ, ಇನ್ನೊಂದು ಎಲೆಯನ್ನು ನನ್ನ ಬಾಯಿಗೂ ಹಿಡಿದರು. ಉಪ್ಪೋ ಉಪ್ಪು. ಮೂರು ವರ್ಷಗಳಲ್ಲಿ ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅಂದೇ.

ಮನೆಗೆ ಬಂದು ಆ ಗಿಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಠಾಣೆ ಖಾಡಿಯ ಈ ಕಾಂಡ್ಲ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಆದರೂ ಒಳಗೆ ನುಗ್ಗಿದ್ದನ್ನು ಎಲೆಗಳ ಮೂಲಕ ಹೊರಗೆ ಹಾಕುತ್ತದೆ. ಎಲೆಯ ಮೇಲಿನ ಬಿಳಿ ಹರಳು ಅದೇ. ಉಪ್ಪು ದಿನವೂ ಬರುತ್ತದೆ, ದಿನವೂ ಹೊರಹೋಗಬೇಕು. ಅರಣ್ಯದಲ್ಲಿ ಇಸ್ರಾಯೇಲರಿಗೆ ಸಿಕ್ಕ ಮನ್ನವನ್ನೂ ನಾಳೆಗೆಂದು ಕೂಡಿಟ್ಟರೆ ಹುಳ ಬೀಳುತ್ತಿತ್ತು. ಇವರ ಮುಂದಿನ ಐದು ವರ್ಷ ಹೇಗೆ ಎಂದು ಲೆಕ್ಕ ಹಾಕುವುದನ್ನು ನಾನು ಆಮೇಲೆ ಕಡಿಮೆ ಮಾಡಿದೆ.

ಇನ್ನು ಬೇರು. ಆ ಕೆಸರಿನಲ್ಲಿ ಗಾಳಿಯಿಲ್ಲ. ಆದ್ದರಿಂದ ಬೇರುಗಳು ಪೆನ್ಸಿಲಿನಂತೆ ಮೇಲಕ್ಕೆ ಎದ್ದು ನಿಲ್ಲುತ್ತವೆ, ಒಂದೊಂದು ಮರಕ್ಕೆ ಸಾವಿರಾರು. ಉಬ್ಬರ ಬಂದಾಗ ಮುಳುಗುತ್ತವೆ, ಇಳಿತದಲ್ಲಿ ಸಣ್ಣ ರಂಧ್ರಗಳಿಂದ ಉಸಿರೆಳೆದುಕೊಳ್ಳುತ್ತವೆ. ನೀರು ಪೂರ್ತಿ ಹೋಗಲೆಂದು ಕಾಯುವುದಿಲ್ಲ. ನನಗೂ ಮಧ್ಯಾಹ್ನ ಮೌಶಿ ಬರುವ ಎರಡು ತಾಸು ಸಿಗುತ್ತದೆ. ಮೊದಲು ಅದರಲ್ಲೂ ಪಾತ್ರೆ ತೊಳೆಯುತ್ತಿದ್ದೆ. ಈಗ ಸಂಘದ ವಾಚನಾಲಯಕ್ಕೆ ಬಂದು ಕೂರುತ್ತೇನೆ.

ಆದರೆ ಒಂದು ಮಾತು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ ಎಂದು ಪೌಲನು ರೋಮಿನವರಿಗೆ ಬರೆದ. ಕೆಲವರು ಇದನ್ನು ಯಂತ್ರದಂತೆ ಹೇಳುತ್ತಾರೆ, ಈ ಕಡೆ ಕಷ್ಟ ಹಾಕಿದರೆ ಆ ಕಡೆ ಗುಣ ಬರುತ್ತದೆ ಎಂಬಂತೆ. ಉಪ್ಪು ನೀರು ಹೆಚ್ಚಿನ ಮರಗಳನ್ನು ಕೊಲ್ಲುತ್ತದೆ. ಕಾಂಡ್ಲವೂ ಉಪ್ಪು ಅತಿಯಾದಲ್ಲಿ ಕುಳ್ಳಾಗಿ ಉಳಿಯುತ್ತದೆ. ಮಳೆಯ, ಹೊಳೆಯ ಸಿಹಿನೀರು ಬೆರೆತಲ್ಲಿ ಎತ್ತರಕ್ಕೆ ಬೆಳೆಯುತ್ತದೆ. ನಮ್ಮ ಪಕ್ಕದ ಮನೆಯ ಗುಜರಾತಿ ಬೆನ್ ಸತ್ಯವೇದ ಓದಿದವರಲ್ಲ. ವಾರಕ್ಕೆ ಎರಡು ದಿನ ರೊಟ್ಟಿ ಕಳಿಸುತ್ತಾರೆ, ಡಬ್ಬಿ ವಾಪಸು ಕೊಡುವಾಗ ಖಾಲಿ ಕೊಡಬೇಡಿ ಎಂದು ಜಗಳವಾಡಿ ನನ್ನ ಕೈಯ ನೀರುದೋಸೆ ವಸೂಲು ಮಾಡುತ್ತಾರೆ. ಪೌಲನ ಆ ಮಾತು ಒಬ್ಬಂಟಿಗೆ ಬರೆದದ್ದಲ್ಲ, ಒಂದು ಸಭೆಗೆ ಬರೆದದ್ದು.

ನೀವೂ ಆ ಮರಗಳನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನಲ್ಲಿ ವಾಶಿ ಕಡೆಯ ಗಾಡಿ ಹಿಡಿಯಿರಿ. ಮಾನ್‌ಖುರ್ದ್ ದಾಟಿ ಸೇತುವೆ ಬರುವಾಗ ಎರಡೂ ಬದಿಗೆ ಕಾಣುತ್ತವೆ. ಇಳಿತದ ಹೊತ್ತು ನೋಡಿಕೊಂಡು ಹೋಗಿ. ಉಬ್ಬರವಿದ್ದರೆ ಎಲೆಗಳಷ್ಟೇ ಕಂಡಾವು, ಬೇರುಗಳು ಕಾಣುವುದಿಲ್ಲ.