ಹಾರ್ಟ್ ಆಪರೇಷನ್ ಆದೋರ ನಾಡಿ, ಮತ್ತೆ ಆ ಸಣ್ಣ ಮಾತ್ರೆ

ಇವತ್ತು ತೆಂಗು, ರಾಗಿ ವಿಷಯ ಬಿಟ್ಟು ನಮ್ಮಣ್ಣನ ಎದೆ ವಿಷಯ ಬರೀತಿದ್ದೀನಿ. ನಮ್ಮ ಸುತ್ತಮುತ್ತ ಹಾರ್ಟ್ ಆಪರೇಷನ್ ಮಾಡಿಸ್ಕೊಂಡು ಬಂದೋರು ಬಹಳ ಜನ ಇದ್ದಾರೆ. ಅವರ ಮನೆಯೋರು ಓದ್ಲಿ ಅಂತ.

ಅಣ್ಣನಿಗೆ ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ ಬಂದು ಕೀಲು ಊದಿಕೊಂಡಿತ್ತಂತೆ. ಅದರಿಂದಲೇ ಎದೆಯ ವಾಲ್ವ್ ಕೆಟ್ಟಿದೆ ಅಂದ್ರು ಡಾಕ್ಟರು. ಬೆಂಗಳೂರಲ್ಲಿ ಲೋಹದ ವಾಲ್ವ್ ಹಾಕಿದ್ರು. ಮೂರನೇ ದಿನ ಬಡಿತದ ತಾಳ ತಪ್ಪಿತು. ನಿಮಿಷಕ್ಕೆ 140, ಅದೂ ಒಂದು ಹತ್ತಿರ, ಒಂದು ದೂರ. ಅತ್ತಿಗೆ ಆಪರೇಷನ್ನೇ ಕೆಟ್ಟೋಯ್ತು ಅಂತ ಅಳೋಕೆ ಶುರು ಮಾಡಿದ್ರು. ಸಿಸ್ಟರ್ ಹೇಳಿದ್ರು, "ಹೆದರಬೇಡಿ ಅಮ್ಮ, ಇದು ಬರುತ್ತೆ ಅಂತಲೇ ಮಾನಿಟರ್ ಹಾಕಿರೋದು." ಬೈಪಾಸ್ ಆದವರಲ್ಲಿ ಮೂರ್ನಾಲ್ಕು ಜನಕ್ಕೆ ಒಬ್ಬರಿಗೆ ಹೀಗಾಗುತ್ತೆ, ವಾಲ್ವ್ ಆದವರಿಗೆ ಇನ್ನೂ ಹೆಚ್ಚು. ಎರಡರಿಂದ ನಾಲ್ಕನೇ ದಿನದ ಒಳಗೇ ಜಾಸ್ತಿ.

ಮೊದಲು ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿದ್ರು. ತೆಂಗಿಗೆ ಪೊಟ್ಯಾಷ್ ಬೇಕಾದಂಗೆ ಎದೆಗೂ ಬೇಕು, ಹೆಚ್ಚೂ ಆಗಬಾರದು, ಕಮ್ಮೀನೂ ಆಗಬಾರದು. ಆಮೇಲೆ ಬಡಿತ ನಿಧಾನ ಮಾಡೋ ಮಾತ್ರೆ, ಡ್ರಿಪ್ಪಲ್ಲಿ ಅಮಿಯೊಡರೋನ್ ಕೊಟ್ರು. ಬಿಪಿ ಬಿದ್ದೋಗಿದ್ರೆ ಕರೆಂಟ್ ಶಾಕ್ ಕೊಡಬೇಕಾಗ್ತಿತ್ತು, ಅಷ್ಟಕ್ಕೆ ಹೋಗಲಿಲ್ಲ. ಎರಡು ದಿನದಲ್ಲಿ ವೇಗ ಇಳೀತು. ಎಷ್ಟೋ ಜನಕ್ಕೆ ತಾಳವೂ ಸರಿಹೋಗುತ್ತೆ, ಅಣ್ಣನಿಗೆ ಹೋಗಲಿಲ್ಲ.

ನಮ್ಮ ಮಾರ್ಕೋನಹಳ್ಳಿ ಡ್ಯಾಂ ನೋಡಿ. ನೀರು ಮಟ್ಟ ಮುಟ್ಟಿದ್ರೆ ಸೈಫನ್ ತಾನಾಗೇ ಎಳ್ಕೊಂಡು ಶಿಂಷಾ ಹೊಳೆಗೆ ಬಿಡ್ತದೆ. ಆದರೆ ನೀರು ಆಡದ ಮೂಲೇಲಿ ಪಾಚಿ ಕಟ್ತದೆ. ಎದೇಲೂ ಹಂಗೇ. ಮೇಲಿನ ಕೋಣೆ ಸರಿಯಾಗಿ ಮುದುಡದೆ ಬರೀ ನಡುಗಿದ್ರೆ ಅದರ ಮೂಲೇಲಿ ರಕ್ತ ನಿಂತು ಹೆಪ್ಪಾಗ್ತದೆ. ಆ ಹೆಪ್ಪು ಮಿದುಳಿಗೆ ಹೋದ್ರೆ ಲಕ್ವ. ಲೋಹದ ವಾಲ್ವ್ ಮೇಲೂ ಹೆಪ್ಪು ಕೂರ್ತದೆ. ಅದಕ್ಕೇ ಜೀವನಪೂರ್ತಿ ವಾರ್ಫರಿನ್ ಮಾತ್ರೆ.

ಹೋದ ತಿಂಗಳು ಯಾರೋ ಅಣ್ಣನಿಗೆ, "ಅದು ಇಲಿ ಪಾಷಾಣ ಕಣೋ, ಯಾಕೆ ತಿಂತೀಯ" ಅಂದ್ರಂತೆ. ಅಣ್ಣ ಐದು ದಿನ ಮಾತ್ರೆ ಬಿಟ್ಟ. ಅತ್ತಿಗೆ ಪಟ್ಟೀಲಿ ಉಳಿದಿದ್ದ ಮಾತ್ರೆ ಎಣಿಸಿ ಹಿಡಿದ್ರು. ಪರೀಕ್ಷೆ ಮಾಡಿಸಿದ್ರೆ ಐಎನ್‌ಆರ್ 1.3ಕ್ಕೆ ಬಂದಿತ್ತು. ಸಾಮಾನ್ಯವಾಗಿ ಅದು 2ರಿಂದ 3ರ ಒಳಗಿರಬೇಕು, ಲೋಹದ ವಾಲ್ವ್ ಇದ್ರೆ ಇನ್ನೂ ಸ್ವಲ್ಪ ಮೇಲೆ.

ಇಲಿ ಪಾಷಾಣ ಅನ್ನೋದು ಸುಳ್ಳಲ್ಲ, ಪೂರ್ತಿ ಕತೆ ಬೇರೆ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಸ್ಟು ಹಿಡಿದ ಒಣ ಮೇವು ತಿಂದ ದನಗಳು ಸಣ್ಣ ಗಾಯಕ್ಕೇ ರಕ್ತ ನಿಲ್ಲದೆ ಸತ್ತವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಎತ್ಕೊಂಡು ಹಿಮದಲ್ಲೇ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಕಾರ್ಲ್ ಲಿಂಕ್ ಅನ್ನೋ ವಿಜ್ಞಾನಿ ಮೇವಿನಲ್ಲಿದ್ದ ವಸ್ತು ಹುಡುಕಿ ತೆಗೆದ್ರು. ಅದೇ ಜಾತಿಯ ವಾರ್ಫರಿನ್ 1948ರಲ್ಲಿ ಇಲಿಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿ ಆಯ್ತು. ಅಳತೆ ಒಂದೇ ವ್ಯತ್ಯಾಸ. ನಾವು ಹೊಡೆಯೋ ಔಷಧಿಗೂ ಅದೇ ಮಾತು ತಾನೆ?

ಈ ಮಾತ್ರೆ ತಗೊಳೋರು ನಮ್ಮ ಕೆಲಸದಲ್ಲಿ ನೆನಪಿಡಬೇಕಾದ್ದು:

ಸೊಪ್ಪು ಬಿಡಬೇಡಿ, ಆದರೆ ವಾರವಾರವೂ ಒಂದೇ ಅಳತೆ ಇರ್ಲಿ. ಮಳೆ ಬಂತು ಅಂತ ದಿನಾ ಮಸ್ಸೊಪ್ಪು, ನುಗ್ಗೆಸೊಪ್ಪು ತಿಂದ್ರೆ ಮಾತ್ರೆ ಶಕ್ತಿ ಕುಗ್ತದೆ.

ಮಂಡಿ ನೋವಿಗೆ ಡಾಕ್ಟರನ್ನ ಕೇಳದೆ ಮಾತ್ರೆ, ಇಂಜೆಕ್ಷನ್ ಬೇಡ. ಹಲ್ಲು ಕೀಳಿಸೋಕೂ ಮುಂಚೆ ಹೇಳಿ.

ಕುಡುಗೋಲು ತಾಗಿದ್ರೆ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಅದುಮಿ, ನಿಲ್ಲದಿದ್ರೆ ಆಸ್ಪತ್ರೆ. ತಲೆಗೆ ಕಾಯಿ ಬಿದ್ರೆ ಹೊರಗೆ ಗಾಯ ಕಾಣದಿದ್ರೂ ಕೂಡಲೇ ಹೋಗಿ. ಕಪ್ಪು ಮಲ ಆದ್ರೂ ಅಷ್ಟೇ.

ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೆ, ಕೈ ಸೋತ್ರೆ 108ಕ್ಕೆ ಫೋನ್ ಮಾಡಿ, ಬೆಳಗಾಗ್ಲಿ ಅಂತ ಕಾಯಬೇಡಿ.

ಅತ್ತಿಗೆ ಈಗ ದಿನಾ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಅಣ್ಣನ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸ್ತಾರೆ, ಕ್ಯಾಲೆಂಡರ್ ಮೇಲೆ ಬರೀತಾರೆ. ತಾಳ ತಪ್ಪಿದ ನಾಡಿಯನ್ನ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದ್ರೆ ಲೆಕ್ಕ ತಪ್ತದೆ. ನಿಮ್ಮ ಮನೇಲಿ ಇಂಥೋರಿದ್ರೆ ನೀವೂ ಕಲೀರಿ. ಮಾತ್ರೆ ಹೆಸರು ಬರೆದ ಚೀಟಿ ಅವರ ಜೇಬಲ್ಲಿರ್ಲಿ.