ವಿದ್ಯೆಯ ಋಣ

ವಿದ್ಯಾದಾನವೆಂಬ ಮಾತು ಕನ್ನಡನಾಡಿನಲ್ಲಿ ಬಹು ಹಳೆಯದು, ವಿದ್ಯಾಸಾಲವೆಂಬುದು ಈಚಿನದು. ಒಂದು ಕಾಲದಲ್ಲಿ ಬಡ ಹುಡುಗರು ವಾರಾನ್ನದಿಂದ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ಮನೆಗಳ ಅನ್ನ ಒಬ್ಬ ಪದವೀಧರನನ್ನು ಸಿದ್ಧಪಡಿಸುತ್ತಿತ್ತು. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಬಿ.ಎ. ಮುಗಿಸಿದರು; ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು.

ಆದರೆ ವಿದ್ಯಾರ್ಥಿವೇತನಕ್ಕೂ ಕೆಲವೊಮ್ಮೆ ಕಟ್ಟುಪಾಡು ಇರುತ್ತಿತ್ತು. 1913ರಲ್ಲಿ ಅಂಬೇಡ್ಕರರು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ ಅಮೆರಿಕಕ್ಕೆ ಹೊರಟಾಗ, ಹಿಂದಿರುಗಿದ ಮೇಲೆ ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡುವುದಾಗಿ ಬರೆದುಕೊಟ್ಟಿದ್ದರು. 1917ರಲ್ಲಿ ಅವರು ಮಾತಿನಂತೆ ಬರೋಡಕ್ಕೆ ಹೋದರು. ಅಸ್ಪೃಶ್ಯತೆಯ ಕ್ರೌರ್ಯದಿಂದ ತಂಗಲು ಒಂದು ಮನೆಯೂ ದೊರೆಯದೆ ಆ ಊರನ್ನೇ ಬಿಡಬೇಕಾಯಿತು. ಅರ್ಧಕ್ಕೆ ನಿಂತಿದ್ದ ಲಂಡನ್ನಿನ ವ್ಯಾಸಂಗವನ್ನು ಮುಂದುವರಿಸಲು 1920ರಲ್ಲಿ ಅವರು ತಮ್ಮ ಉಳಿತಾಯದ ಜೊತೆಗೆ ಗೆಳೆಯ ನವಲ್ ಭಥೇನಾ ಅವರಿಂದ ಐದು ಸಾವಿರ ರೂಪಾಯಿ ಸಾಲ ಪಡೆದರು. ಓದಿಗಾಗಿ ಸಾಲ ಮಾಡುವುದು ಅವಮಾನದ ಸಂಗತಿಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ವತಂತ್ರ ಭಾರತದಲ್ಲಿ 1963ರಲ್ಲಿ ಕೇಂದ್ರ ಸರ್ಕಾರವು ಪ್ರತಿಭಾವಂತರಿಗೆ ಬಡ್ಡಿಯಿಲ್ಲದ ಸಾಲವನ್ನು ಕೊಡಲಾರಂಭಿಸಿತು. ಆ ಸಾಲ ಪಡೆದವನು ಉಪಾಧ್ಯಾಯನಾದರೆ ಪ್ರತಿವರ್ಷದ ಸೇವೆಗೆ ಸಾಲದ ಹತ್ತನೆಯ ಒಂದು ಪಾಲು ಮನ್ನಾ ಆಗುತ್ತಿತ್ತು. ಅದೊಂದು ಸೊಗಸಾದ ಏರ್ಪಾಡು. ಮುಂದೆ ಕಾಲೇಜುಗಳು ಹೆಚ್ಚಿದವು, ಶುಲ್ಕವೂ ಏರಿತು. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಶಿಕ್ಷಣ ಸಾಲಕ್ಕೊಂದು ಮಾದರಿ ಯೋಜನೆಯನ್ನು ರೂಪಿಸಿದ ಮೇಲೆ ಬ್ಯಾಂಕುಗಳ ಬಾಗಿಲು ಸಾಮಾನ್ಯರ ಮಕ್ಕಳಿಗೂ ತೆರೆಯಿತು. ಈ ಬಾಗಿಲಿನಲ್ಲಿ ಬಡ್ಡಿಯುಂಟು.

ಈ ಯೋಜನೆಯಲ್ಲಿ ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಹಳ್ಳಿಯಿಂದ ಬ್ಯಾಂಕಿಗೆ ಬಂದ ತಂದೆಗೆ ಈ ಮಾತು ಅಮೃತದಂತೆ ಕೇಳಿಸುತ್ತದೆ. “ಕೆಲಸ ಸಿಕ್ಕಿದ ಮೇಲೆ ನಾನೇ ಕಟ್ಟುತ್ತೇನಪ್ಪ, ನೀನು ಯೋಚನೆ ಮಾಡಬೇಡ” ಎನ್ನುತ್ತಾಳೆ ಮಗಳು. ಇಬ್ಬರ ಮಾತೂ ಪ್ರಾಮಾಣಿಕವಾದುದೇ. ಆದರೆ ಕಂತು ಮಲಗಿರುವಾಗಲೂ ಬಡ್ಡಿ ಎಚ್ಚರವಾಗಿರುತ್ತದೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವವರು ವಿರಳ.

ಎಂಜಿನಿಯರಿಂಗ್ ಓದುವ ಒಬ್ಬ ವಿದ್ಯಾರ್ಥಿನಿ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದಳೆಂದೂ, ಬಡ್ಡಿ ಶೇಕಡಾ 10 ಎಂದೂ ಇಟ್ಟುಕೊಳ್ಳಬಹುದು. ಓದುವ ಕಾಲದಲ್ಲಿ ಸರಳ ಬಡ್ಡಿ ಮಾತ್ರ. ಮೊದಲ ಲಕ್ಷಕ್ಕೆ ನಾಲ್ಕು ವರ್ಷಕ್ಕೆ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000, ಕೊನೆಯದಕ್ಕೆ 10,000 ರೂಪಾಯಿ. ಓದು ಮುಗಿದ ಮೇಲಿನ ಬಿಡುವಿನ ವರ್ಷಕ್ಕೆ ಮತ್ತೆ 40,000. ಮೊದಲ ಕಂತು ಕಟ್ಟುವ ದಿನ ಸಾಲ ನಾಲ್ಕು ಲಕ್ಷವಾಗಿರುವುದಿಲ್ಲ, 5,40,000 ಆಗಿರುತ್ತದೆ.

ಇದನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ ಕಟ್ಟಬೇಕು. ಒಟ್ಟು ಎಂಟೂವರೆ ಲಕ್ಷಕ್ಕೆ ತುಸು ಹೆಚ್ಚು. ಹದಿನೈದು ವರ್ಷವಾದರೆ ಕಂತು ಸುಮಾರು 5,803ಕ್ಕೆ ಇಳಿಯುತ್ತದೆ. ಒಟ್ಟು ಮೊತ್ತ ಮಾತ್ರ ಹತ್ತು ಲಕ್ಷ ನಲವತ್ತು ಸಾವಿರವನ್ನು ದಾಟುತ್ತದೆ. ಚಿಕ್ಕ ಕಂತು ಕಣ್ಣಿಗೆ ಹಿತ, ಗಂಟಿಗೆ ಭಾರ. ಅದೇ ವಿದ್ಯಾರ್ಥಿನಿಯ ಮನೆಯವರು ಓದುವಾಗಲೂ ಬಿಡುವಿನ ವರ್ಷದಲ್ಲೂ ಬಡ್ಡಿಯನ್ನಷ್ಟೆ ಕಟ್ಟುತ್ತ ಬಂದರೆ, ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷ 3,333 ರೂಪಾಯಿ. ಹತ್ತು ವರ್ಷದ ಲೆಕ್ಕದಲ್ಲಿ ಇದರಿಂದ ಎಂಬತ್ತು ಸಾವಿರಕ್ಕೂ ಮಿಗಿಲಾಗಿ ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಮಾದರಿ ಯೋಜನೆಯಲ್ಲಿ ಬಡ್ಡಿಯ ರಿಯಾಯಿತಿಯೂ ಉಂಟು. ಹಾಲು ಮಾರುವ ಮನೆಯಲ್ಲಿ ಈ ಮೊದಲ ವರ್ಷದ ಬಡ್ಡಿ ಹೊರಲಾಗದ ಹೊರೆಯೇನಲ್ಲ. ಆದರೆ ಅದನ್ನು ಕಟ್ಟಬಹುದೆಂದು ಹೇಳುವವರು ಯಾರಾದರೂ ಇರಬೇಕು.

ಸಾಲಗಳೆಲ್ಲ ಒಂದೇ ಬಗೆಯವಲ್ಲ. 2009ರಲ್ಲಿ ಬಂದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯು ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷ ಮೀರದ ಕುಟುಂಬಗಳ ಮಕ್ಕಳಿಗೆ, ತಾಂತ್ರಿಕ ಮತ್ತು ವೃತ್ತಿ ಶಿಕ್ಷಣದ ಅವಧಿಯ ಬಡ್ಡಿಯ ಭಾರವನ್ನು ತಾನೇ ಹೊತ್ತಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ವರಮಾನದ ಮಿತಿಯನ್ನು ಎಂಟು ಲಕ್ಷಕ್ಕೆ ಏರಿಸಿ, ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇಕಡಾ 3ರ ಬಡ್ಡಿ ಸಹಾಯವನ್ನು ಗೊತ್ತುಮಾಡಿತು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಬಡ್ಡಿ ಶೇಕಡಾ 2. ಇವಾವುವೂ ಅರ್ಜಿ ಹಾಕದವನ ಮನೆಗೆ ತಾವಾಗಿ ನಡೆದುಬರುವುದಿಲ್ಲ. ವರಮಾನ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡವನಿಗೆ ಒದಗುವ ಲಾಭ, ಕೊನೆಯ ದಿನ ನಾಡಕಚೇರಿಗೆ ಓಡುವವನಿಗೆ ಒದಗದು. ಇವುಗಳನ್ನೆಲ್ಲ ವಿಚಾರಿಸದೆ, ಕಾಲೇಜಿನ ಮುಂದೆಯೇ ಮೇಜು ಹಾಕಿ ಅರ್ಧ ಗಂಟೆಯಲ್ಲಿ ಸಾಲ ಕೊಡುವ ಖಾಸಗಿಯವರ ಕಾಗದಕ್ಕೆ ರುಜು ಹಾಕುವುದು ದುಡುಕು.

ಅಪಾಯವಿರುವುದು ಬಡ್ಡಿಯಲ್ಲಿ ಮಾತ್ರವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಹಾಸಿಗೆಯನ್ನು ಇನ್ನು ಮುಂದೆ ನೇಯಬೇಕಾಗಿದೆ. ಬೆಳೆಸಾಲ ಮಾಡಿದ ರೈತನ ಕಣ್ಣಮುಂದೆ ಹೊಲವಾದರೂ ಇರುತ್ತದೆ. ವಿದ್ಯಾಸಾಲ ಮಾಡಿದವನ ಮುಂದಿರುವುದು ಇನ್ನೂ ಸಿಗದ ಉದ್ಯೋಗ. ಕಾಲೇಜಿಗೆ ಸರಿಯಾದ ಮಾನ್ಯತೆ ಇಲ್ಲದಿದ್ದರೆ, ಅನಾರೋಗ್ಯದಿಂದ ಓದು ಎರಡನೆಯ ವರ್ಷವೇ ನಿಂತರೆ, ಪದವಿ ಬರುವುದಿಲ್ಲ, ಸಾಲ ಉಳಿಯುತ್ತದೆ. ಅರ್ಧ ಓದಿದ್ದಕ್ಕೆ ಅರ್ಧ ಸಂಬಳ ಕೊಡುವವರು ಯಾರೂ ಇಲ್ಲ. ವಿದೇಶದಲ್ಲಿ ಓದುವವರಿಗೆ ಇನ್ನೊಂದು ತೊಡಕು: ಶುಲ್ಕ ಡಾಲರಿನಲ್ಲಿ, ಸಾಲ ರೂಪಾಯಿಯಲ್ಲಿ. ರೂಪಾಯಿಯ ಬೆಲೆ ಇಳಿದಂತೆಲ್ಲ ಶುಲ್ಕ ಏರಿಸದೆಯೇ ಖರ್ಚು ಏರುತ್ತದೆ.

ಸಾಲಪತ್ರಕ್ಕೆ ವಿದ್ಯಾರ್ಥಿಯೊಬ್ಬನೇ ರುಜು ಹಾಕುವುದಿಲ್ಲ. ತಂದೆಯೋ ತಾಯಿಯೋ ಜೊತೆಸಾಲಗಾರರಾಗುತ್ತಾರೆ. ಅದನ್ನು ಬರಿಯ ಶಾಸ್ತ್ರವೆಂದು ತಿಳಿದವರು ಬಹಳ ಮಂದಿ. ಮಗ ಕಟ್ಟದಿದ್ದರೆ ತಂದೆಯೇ ಕಟ್ಟಬೇಕು. ಕಂತು ತಪ್ಪಿದರೆ ಇಬ್ಬರ ಸಾಲಚರಿತ್ರೆಗೂ ಕಪ್ಪು ಚುಕ್ಕೆ, ಮುಂದೆ ತಂಗಿಯ ಓದಿಗೆ ಸಾಲ ಕೇಳಹೋದಾಗ ಬ್ಯಾಂಕಿನವರು ಮೊದಲು ತೆರೆಯುವ ಪುಟ ಅದೇ. ಕೆಲಸ ಸಿಗುವುದು ತಡವಾದರೆ ಅವಿತು ಕೂರದೆ, ಕಂತು ತಪ್ಪುವ ಮೊದಲೇ ಮ್ಯಾನೇಜರರನ್ನು ಕಂಡು ಕಾಲಾವಕಾಶ ಕೇಳಬೇಕು. ಮೊದಲೇ ಬಂದು ಕೇಳಿದವರ ಮಾತಿಗೆ ತೂಕವಿರುತ್ತದೆ.

ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕಿಲ್ಲ. ಅದನ್ನು ಮೀರಿದಾಗ ಮನೆಯ ಪತ್ರ ಪೆಟ್ಟಿಗೆಯಿಂದ ಹೊರಬಿದ್ದು ಬ್ಯಾಂಕಿಗೆ ಹೋಗುವುದು ಹೆಚ್ಚು. ಅಜ್ಜ ಕಟ್ಟಿಸಿದ ಮನೆ ಹೀಗೆ ಮೊಮ್ಮಗಳ ಪರೀಕ್ಷೆಯ ಫಲಿತಾಂಶಕ್ಕೆ ಹೊಣೆ ನಿಲ್ಲುತ್ತದೆ. ಕೊಟ್ಟ ಪತ್ರಗಳಿಗೆಲ್ಲ ಪಟ್ಟಿಸಹಿತ ರಸೀದಿ ಪಡೆದು ಜೋಪಾನವಾಗಿಡಬೇಕು. ಕೊನೆಯ ಕಂತು ತೀರಿದ ಮೂವತ್ತು ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕೆಂದೂ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ಆ ದಿನ ಮಗಳು ದೂರದ ಊರಿನಲ್ಲಿ ಉದ್ಯೋಗದಲ್ಲಿರಬಹುದು. ರಸೀದಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವವರು ತಂದೆತಾಯಿಗಳೇ. ಸಾಲ ತೀರಿತೆಂಬ ಪತ್ರವನ್ನು ಮೂಲಪತ್ರಗಳ ಜೊತೆಗೇ ಕೇಳಿ ಪಡೆಯಬೇಕು.